ಪ್ಯಾಲೆಟ್ ಕಲ್ಲು, ಅರಗು, ಬಿಸಿನೀರು
ಹೋದ ಮಳೆಗಾಲದಲ್ಲಿ ಪಾಂಡವಪುರದ ಮೇಷ್ಟ್ರೊಬ್ಬರು ಮೈಸೂರಿನ ನನ್ನ ಅಂಗಡಿಗೆ ಹಳೇ ಎಚ್‌ಎಂಟಿ ಜನತಾ ವಾಚು ತಂದಿದ್ದರು. ಎಣ್ಣೆ ಒಣಗಿತ್ತು, ಅಷ್ಟೆ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಟ್ಟೆ. ಎಂಟೇ ದಿನಕ್ಕೆ ವಾಪಸ್ ಬಂದರು. "ಏನಪ್ಪಾ, ಮೊದಲು ಸ್ಲೋ ಹೋಗ್ತಿತ್ತು, ಈಗ ನಿಂತೇ ಹೋಗ್ತದಲ್ಲ" ಅಂದರು. "ಇಟ್ಟು ಹೋಗಿ ಸಾರ್, ನೋಡ್ತೀನಿ" ಅಂದೆ.

ಕಣ್ಣಿಗೆ ಲೂಪ್ (ಭೂತಗನ್ನಡಿ) ಹಾಕಿ ನೋಡಿದರೆ, ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲಿಗೆ ತಡೆದು ಬಿಡುವ ಪುಟ್ಟ ಕವಲು, ಅಂದರೆ ಪ್ಯಾಲೆಟ್‌ನ ಒಂದು ಕೆಂಪು ಕಲ್ಲು ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಅದರ ಪಕ್ಕದಲ್ಲಿ ಅದನ್ನು ಅಂಟಿಸಿ ಹಿಡಿಯುವ ಜೇನಿನ ಬಣ್ಣದ ಅರಗು ಇರಬೇಕಿತ್ತು. ಅರ್ಧ ಹೋಗಿತ್ತು, ಉಳಿದದ್ದು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ತಪ್ಪು ನನ್ನದೇ. ಆ ವಾರ ಕೆಲಸ ಜಾಸ್ತಿ ಇತ್ತು ಅಂತ ಪ್ಯಾಲೆಟ್ ಬೇರೆ ತೆಗೆದಿಡದೆ ಎಲ್ಲದರ ಜೊತೆ, ಶಬ್ದದ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ಮೆಷಿನ್‌ಗೆ ಹಾಕಿದ್ದೆ. ಅಮೋನಿಯಾ ಸೇರಿದ ನೀರಿನ ಲಿಕ್ವಿಡ್, 60 ಡಿಗ್ರಿ ಬಿಸಿ, ಅರ್ಧ ಗಂಟೆ.

ವಾಚಿನಲ್ಲೂ ಅಂಟು ಇರುತ್ತಾ ಅಂತ ಕೇಳುವವರಿದ್ದಾರೆ. ಪ್ಯಾಲೆಟ್‌ನ ಎರಡೂ ಕಲ್ಲು ನಿಂತಿರುವುದೇ ಅರಗಿನ ಮೇಲೆ. ಹಲವು ವಾಚುಗಳಲ್ಲಿ ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರದ ಕೆಳಗೆ, ಪ್ಯಾಲೆಟನ್ನು ತಳ್ಳುವ ರೋಲರ್ ಕಲ್ಲಿಗೂ ಅದೇ. ನಮ್ಮೂರಿಗೆ ಅರಗು ಹೊಸದಲ್ಲ. ಚುನಾವಣೆ ಶಾಯಿ ಮಾಡುವ ಇಲ್ಲಿನ ಕಾರ್ಖಾನೆ 1937ರಲ್ಲಿ ಶುರುವಾಗಿದ್ದೇ ಅರಗಿನ ಕಾರ್ಖಾನೆಯಾಗಿ.

ಸುಮ್ನೆ ನೀರಲ್ಲಿ ಅರಗು ಕರಗುವುದಿಲ್ಲ. ಅದಕ್ಕೇ ನೀರಿನ ಲಿಕ್ವಿಡ್ ಅಂದರೆ ಭಯವಿಲ್ಲ ಅಂದುಕೊಂಡುಬಿಡುತ್ತೇವೆ. ಆದರೆ ಅಮೋನಿಯಾ ಕ್ಷಾರ ಅಲ್ವಾ, ಕ್ಷಾರಕ್ಕೆ ಅರಗು ಕರಗುತ್ತದೆ. ಬಿಸಿ ಸೇರಿದರೆ ಬೇಗ ಮೆದುವಾಗುತ್ತದೆ. ಲಿಕ್ವಿಡ್‌ನಲ್ಲಿರುವ ಸೋಪಿನ ಅಂಶ ನೀರನ್ನು ಕಲ್ಲಿನ ಸಂದಿಗೂ ನುಗ್ಗಿಸುತ್ತದೆ. ಈ ವಾಚಿನ ಬಡಿತ ಗಂಟೆಗೆ 18,000. ಒಂದೊಂದು ಬಡಿತಕ್ಕೂ ಚಕ್ರದ ಹಲ್ಲು ಒಂದಲ್ಲ ಒಂದು ಕಲ್ಲಿಗೆ ತಾಗುತ್ತದೆ. ಸಡಿಲವಾದ ಕಲ್ಲು ಎಷ್ಟು ದಿನ ತಡೆದೀತು?

ಹಳೇ ಅರಗನ್ನು ಸ್ಪಿರಿಟ್‌ನಲ್ಲಿ ಪೂರ್ತಿ ತೆಗೆದೆ. ಪ್ಯಾಲೆಟನ್ನು ಹಿತ್ತಾಳೆ ತಗಡಿನ ಮೇಲೆ ಮಲಗಿಸಿ, ತಗಡಿನ ಕೆಳಗೆ ದೀಪ ಹಿಡಿದೆ. ಬೆಂಕಿ ನೇರ ತಾಗಬಾರದು. ಅರಗನ್ನು ಬಿಸಿ ಮಾಡಿ ಎಳೆದರೆ ದಾರದ ಹಾಗೆ ಬರುತ್ತದೆ. ಆ ಎಳೆಯಿಂದ ಸಾಸಿವೆಗಿಂತ ಚಿಕ್ಕ ಚೂರು ಮುರಿದು ಕಲ್ಲಿನ ಪಕ್ಕ ಇಟ್ಟೆ. ಹದ ಬಂದಾಗ ಅದು ತಾನೇ ಮಿನುಗಿ ಸಂದಿಗೆ ಇಳಿಯುತ್ತದೆ. ಕಾವು ಜಾಸ್ತಿಯಾದರೆ ಗುಳ್ಳೆ ಎದ್ದು ಕಪ್ಪಾಗುತ್ತದೆ, ಮತ್ತೆ ಮೊದಲಿಂದ ಮಾಡಬೇಕು. ನನಗೆ ಎರಡು ಸಲ ಹಾಗಾಯಿತು. ಮೂರನೇ ಸಲ ಕೂತಿತು. ಆಮೇಲೆ ಹಲ್ಲು ಎಷ್ಟು ಆಳಕ್ಕೆ ಕಚ್ಚುತ್ತದೆ ಅಂತ ಒಂದೊಂದಾಗಿ ನೋಡುತ್ತಾ ಕಲ್ಲನ್ನು ಸರಿಪಡಿಸಿದೆ. ಇಡೀ ಮಧ್ಯಾಹ್ನ ಹೋಯಿತು.

ಈಗ ಪ್ಯಾಲೆಟ್ ಮತ್ತು ಬ್ಯಾಲೆನ್ಸ್ ಮೆಷಿನ್‌ಗೆ ಹೋಗುವುದೇ ಇಲ್ಲ. ಬಟ್ಟಲಲ್ಲಿ ವೈಟ್ ಪೆಟ್ರೋಲ್, ಕೆಲವೇ ಸೆಕೆಂಡ್, ಮೆತ್ತನೆ ಬ್ರಷ್. ಪೆಟ್ರೋಲಿಗೆ ಅರಗು ಜಗ್ಗುವುದಿಲ್ಲ. ಉಳಿದ ಭಾಗಗಳಿಗೆ ನೀರಿನ ಲಿಕ್ವಿಡ್ಡೇ ಚೆಂದ, ಕೊಳೆ ಚೆನ್ನಾಗಿ ಬಿಡುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ ಕೂಡಲೇ ಒಣಗಿಸುತ್ತೇನೆ, ಇಲ್ಲದಿದ್ದರೆ ಉಕ್ಕು ತುಕ್ಕು ಹಿಡಿಯುತ್ತದೆ.

ಮೇಷ್ಟ್ರ ವಾಚನ್ನು ಹತ್ತು ದಿನ ನನ್ನ ಹತ್ತಿರವೇ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಕೀ ಕೊಟ್ಟು ಆಕಾಶವಾಣಿ ವಾರ್ತೆ ಟೈಮಿಗೆ ತಾಳೆ ನೋಡಿದೆ. ವಾಪಸ್ ಕೊಡುವಾಗ ಆಗಿದ್ದನ್ನೆಲ್ಲ ಹೇಳಿ, ದುಡ್ಡು ಬೇಡ ಅಂದೆ. ಅವರು ಲೂಪ್ ಇಸಿದುಕೊಂಡು ಇನ್ನೊಂದು ಪ್ಯಾಲೆಟ್‌ನ ಅರಗನ್ನು ಬಹಳ ಹೊತ್ತು ನೋಡಿದರು.