ಒಎಲ್‌ಇಡಿ ಬಿಟ್ಟು ಮಿನಿ ಎಲ್‌ಇಡಿ ಟಿವಿ ತೆಗೆದುಕೊಂಡಿದ್ದು ಯಾಕೆ

ಟಿವಿ ತೆಗೆದುಕೊಳ್ಳಬೇಕು ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ ಬಂತು. ದುಡ್ಡಿದ್ದರೆ ಒಎಲ್‌ಇಡಿ ತಗೋ, ಕಣ್ಣು ಮುಚ್ಚಿಕೊಂಡು ತಗೋ. ಬರೀ ಚಿತ್ರ ನೋಡಿದರೆ ಆ ಮಾತು ನಿಜವೇ. ಆದರೂ ನಾನು ತಂದಿದ್ದು 55 ಇಂಚಿನ ಮಿನಿ ಎಲ್‌ಇಡಿ. ಯೋಚಿಸಿಯೇ ತಂದಿದ್ದು, ನಮ್ಮ ಮನೆಗೆ ಅದೇ ಸರಿ ಅಂತ ಈಗಲೂ ಹೇಳುತ್ತೇನೆ.

ಮೊದಲು ವ್ಯತ್ಯಾಸ ಏನು ಅಂತ ನೋಡೋಣ. ಒಎಲ್‌ಇಡಿಯಲ್ಲಿ ಒಂದೊಂದು ಪಿಕ್ಸೆಲ್ಲೂ, ಅಂದರೆ ಚಿತ್ರದ ಒಂದೊಂದು ಚುಕ್ಕಿಯೂ, ತಾನೇ ಬೆಳಗುತ್ತದೆ, ಕಪ್ಪು ಬೇಕಾದ ಕಡೆ ಪೂರ್ತಿ ಆರಿಹೋಗುತ್ತದೆ. ಮಾಮೂಲಿ ಎಲ್‌ಇಡಿ ಟಿವಿ ಅಂದರೆ ಎಲ್‌ಸಿಡಿ ಪರದೆ, ಅದರ ಹಿಂದೆ ದೀಪ. ಕ್ಯೂಎಲ್‌ಇಡಿ ಅಂತ ಮಾರುವುದೂ ಹೆಚ್ಚುಕಮ್ಮಿ ಇದೇ, ಬಣ್ಣ ಚೆನ್ನಾಗಿ ಬರಲಿ ಅಂತ ನಡುವೆ ಕ್ವಾಂಟಮ್ ಡಾಟ್ ಅನ್ನುವ ಅತಿ ಸಣ್ಣ ಕಣಗಳ ಪದರ ಇರುತ್ತದೆ ಅಷ್ಟೇ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ತುಂಬಾ ಸಣ್ಣವು, ಸಂಖ್ಯೆಯೂ ಜಾಸ್ತಿ. ಅವನ್ನು ಗುಂಪು ಗುಂಪಾಗಿ ಬೇಕಾದ ಕಡೆ ಮಂದ ಮಾಡಬಹುದು. ಈ ಗುಂಪಿಗೆ ಝೋನ್ ಅನ್ನುತ್ತಾರೆ. ಝೋನ್ ಎಷ್ಟು ಜಾಸ್ತಿಯೋ ಕಪ್ಪು ಅಷ್ಟು ಚೆನ್ನ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿದ್ದೆ. ಅದರಲ್ಲಿದ್ದದ್ದು ನಮ್ಮೂರಿನ ಯಕ್ಷಗಾನದ ವಿಡಿಯೋ, ನಾನೇ 4ಕೆಯಲ್ಲಿ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್) ತೆಗೆದದ್ದು. ರಾತ್ರಿ ಆಟ, ಹಿಂದೆ ಕತ್ತಲು, ವೇಷದ ಮೇಲೆ ಮಾತ್ರ ಬೆಳಕು. ಟಿವಿ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಅಂಗಡಿಯವರು ಹಾಕುವ ಹೂವು, ಹಕ್ಕಿ, ಸಮುದ್ರದ ವಿಡಿಯೋ ಯಾವ ಟಿವಿಯಲ್ಲಾದರೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ? ಅಲ್ಲಿನ ಹುಡುಗನಿಗೆ ಹೇಳಿ ಡೆಮೊ ಮೋಡ್ ತೆಗೆಸಿ, ಸಿನಿಮಾ ಮೋಡ್ ಹಾಕಿಸಿದೆ. ಒಎಲ್‌ಇಡಿಯಲ್ಲಿ ಮುಂಡಾಸಿನ ಅಂಚು ಗೆರೆ ಎಳೆದ ಹಾಗೆ ಕಂಡಿತು, ಎದೆಯ ಮೇಲಿನ ಮಣಿಗಳು ಒಂದೊಂದಾಗಿ ಹೊಳೆದವು, ಸುತ್ತಲಿನ ಕತ್ತಲು ನಿಜವಾದ ಕತ್ತಲೇ. ಕಡಿಮೆ ಬೆಲೆಯ ಎಲ್‌ಇಡಿಯಲ್ಲಿ ಅದೇ ಕತ್ತಲು ಬೂದಿ ಬಣ್ಣ. ಒಳ್ಳೆಯ ಮಿನಿ ಎಲ್‌ಇಡಿಯಲ್ಲಿ ಮುಂಡಾಸಿನ ಸುತ್ತ ತೆಳ್ಳಗೆ ಒಂದು ಬೆಳಕು ಹರಡಿತ್ತು. ಹತ್ತಿರ ನಿಂತರೆ ಗೊತ್ತಾಗುತ್ತಿತ್ತು, ಎಂಟು ಅಡಿ ಹಿಂದೆ ಬಂದರೆ ಹುಡುಕಬೇಕಿತ್ತು.

ಹಾಗಾದರೆ ಒಎಲ್‌ಇಡಿ ಯಾಕೆ ಬೇಡ? ಎರಡು ಕಾರಣ. ನಮ್ಮ ಹಾಲ್‌ನಲ್ಲಿ ಬಾಗಿಲು, ಕಿಟಕಿ ಎಲ್ಲ ಟಿವಿಗೆ ಎದುರೇ ಇವೆ, ಅಮ್ಮ ಧಾರಾವಾಹಿಯ ಮರುಪ್ರಸಾರ ನೋಡುವುದು ಮಧ್ಯಾಹ್ನ. ಅಷ್ಟು ಬೆಳಕಿನಲ್ಲಿ ಆ ಅಚ್ಚ ಕಪ್ಪಿನ ಸುಖ ಕಣ್ಣಿಗೆ ಸಿಗುವುದೇ ಇಲ್ಲ, ಪರದೆ ಜೋರಾಗಿ ಬೆಳಗುವುದೇ ಮುಖ್ಯ, ಅದರಲ್ಲಿ ಮಿನಿ ಎಲ್‌ಇಡಿ ಮುಂದೆ. ಎರಡನೆಯದು ಅಪ್ಪನ ನ್ಯೂಸ್. ಬೆಳಿಗ್ಗೆಯಿಂದ ರಾತ್ರಿವರೆಗೂ ಒಂದೇ ಚಾನೆಲ್. ಮೂಲೆಯಲ್ಲಿ ಲೋಗೋ, ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಇನ್ನೊಂದು ಪಟ್ಟಿ. ಒಎಲ್‌ಇಡಿಯಲ್ಲಿ ವರ್ಷಗಟ್ಟಲೆ ಹೀಗೆ ಒಂದೇ ಜಾಗದಲ್ಲಿ ಒಂದೇ ಚಿತ್ರ ನಿಂತರೆ ಅಲ್ಲಿನ ಪಿಕ್ಸೆಲ್‌ಗಳು ಬೇಗ ಸವೆದು ಗುರುತು ಉಳಿಯಬಹುದು. ಈಗಿನ ಮಾಡೆಲ್‌ಗಳಲ್ಲಿ ಅದನ್ನು ತಡೆಯುವ ವ್ಯವಸ್ಥೆ ಇದೆ, ಒಪ್ಪುತ್ತೇನೆ. ಆದರೆ ಅಪ್ಪನಿಗೆ "ಚಾನೆಲ್ ಬದಲಾಯಿಸ್ತಾ ಇರಿ" ಅಂತ ದಿನಾ ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ನೀವು ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಾದರೆ ಒಎಲ್‌ಇಡಿಯನ್ನೇ ತಗೊಳ್ಳಿ.

8ಕೆಯಲ್ಲಿ 4ಕೆಯ ನಾಲ್ಕು ಪಟ್ಟು ಪಿಕ್ಸೆಲ್ ಇದ್ದರೂ ಅದರ ಕಡೆ ತಿರುಗಿಯೂ ನೋಡಬೇಡಿ. ಕಣ್ಣಿನ ಲೆಕ್ಕ ಇದು: 55 ಇಂಚಿನ ಫುಲ್ ಎಚ್‌ಡಿ ಪರದೆಯಿಂದ ಸುಮಾರು 7 ಅಡಿ ದೂರ ಕೂತರೆ ಸಾಮಾನ್ಯ ಕಣ್ಣಿಗೆ ಪಿಕ್ಸೆಲ್ ಬೇರೆಬೇರೆಯಾಗಿ ಕಾಣುವುದಿಲ್ಲ. 4ಕೆ ಆದರೆ ಮೂರೂವರೆ ಅಡಿ ಸಾಕು. 8ಕೆಯ ಪಿಕ್ಸೆಲ್ ಗುರುತಿಸಬೇಕಾದರೆ ಎರಡಡಿ ಒಳಗೆ ಕೂರಬೇಕು! ನಮ್ಮ ಸೋಫಾ ಎಂಟು ಅಡಿ ದೂರದಲ್ಲಿದೆ. ಅಲ್ಲಿಂದ ನನಗೆ ಕಂಡ ದೊಡ್ಡ ಬದಲಾವಣೆ 4ಕೆಯದ್ದಲ್ಲ, ಎಚ್‌ಡಿಆರ್‌ನದ್ದು. ಬೆಳಕು ಕತ್ತಲೆ ಎರಡೂ ಒಂದೇ ಚಿತ್ರದಲ್ಲಿ ಸರಿಯಾಗಿ ಬರುವುದು ಅದರಿಂದ. ಎಚ್‌ಡಿಆರ್‌ನಲ್ಲೇ ಒಂದು ಬಗೆಯಾದ ಡಾಲ್ಬಿ ವಿಷನ್ ಬೇಕು ಅನ್ನುವವರು ಮಾಡೆಲ್‌ನಲ್ಲಿ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ, ಎಲ್ಲ ಕಂಪನಿಯವರೂ ಕೊಡುವುದಿಲ್ಲ.

ಮನೆಗೆ ಬಂದ ಮೇಲೆ ಮಾಡಿದ ಕೆಲಸವೂ ಅಷ್ಟೇ ಮುಖ್ಯ. ಡಿಟಿಎಚ್‌ನಲ್ಲಿ ಕನ್ನಡ ಚಾನೆಲ್‌ಗಳ ಎಚ್‌ಡಿ ಪ್ಯಾಕ್ ಹಾಕಿಸಿದೆ. ಎಸ್‌ಡಿ ಚಾನೆಲ್‌ನಲ್ಲಿ ಬರುವುದು 576 ಗೆರೆ ಮಾತ್ರ, ಅದನ್ನು ದೊಡ್ಡ ಪರದೆಗೆ ಹಿಗ್ಗಿಸಿದರೆ ಮುಖಗಳು ಕಲಸಿಹೋಗುತ್ತವೆ, ಟಿವಿ ಎಷ್ಟೇ ದುಬಾರಿಯಾಗಿರಲಿ. ಪಿಕ್ಚರ್ ಮೋಡ್ ಅನ್ನು ವಿವಿಡ್‌ನಿಂದ ಸಿನಿಮಾಗೆ ಬದಲಾಯಿಸಿದೆ. ಮೊದಲು ಎಲ್ಲರಿಗೂ ಹಳದಿ ಹಳದಿ ಅನ್ನಿಸಿತು, ಆಮೇಲೆ ಕಣ್ಣು ಹೊಂದಿಕೊಂಡಿತು. ಶಾರ್ಪ್‌ನೆಸ್ ಇಳಿಸಿದೆ. ಮೋಷನ್ ಸ್ಮೂತಿಂಗ್ (ಚಲನೆ ನಯವಾಗಿ ಕಾಣಲಿ ಅಂತ ಟಿವಿಯೇ ನಡುವೆ ಚಿತ್ರ ಸೇರಿಸುವುದು) ತೆಗೆದೆ, ಅದಿದ್ದರೆ ಸಿನಿಮಾನೂ ಧಾರಾವಾಹಿ ಥರ ಕಾಣುತ್ತದೆ. ಕ್ರಿಕೆಟ್‌ಗೆ ಬೇಕಾದರೆ ಸ್ವಲ್ಪ ಇಟ್ಟುಕೊಳ್ಳಬಹುದು.

ಈಗ ಆರ್‌ಜಿಬಿ ಮಿನಿ ಎಲ್‌ಇಡಿ ಬಂದಿದೆ. ಹಿಂದಿನ ದೀಪಗಳೇ ಕೆಂಪು, ಹಸಿರು, ನೀಲಿ. 2025ರಲ್ಲಿ ಹೈಸೆನ್ಸ್ 116 ಇಂಚಿನದ್ದು, ಸ್ಯಾಮ್‌ಸಂಗ್ 115 ಇಂಚಿನದ್ದು ತೋರಿಸಿದವು. ತಂತ್ರಜ್ಞಾನ ಚೆನ್ನಾಗಿದೆ, ಆದರೆ ಅದಕ್ಕೆ ಅಂತ ಸುಮ್ನೆ ಕಾಯುತ್ತಾ ಕೂರಬೇಡಿ. ಹೊಸದಾಗಿ ಬಂದದ್ದೆಲ್ಲ ಉಳಿಯುವುದಿಲ್ಲ: 3ಡಿ ಟಿವಿ 2010ರಲ್ಲಿ ಭಾರೀ ಸದ್ದು ಮಾಡಿತ್ತು, 2017ರ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ಕೈಬಿಟ್ಟವು. ಬೆಲೆ ವಿಷಯಕ್ಕೆ ಬಂದರೆ, 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ವಿಮರ್ಶೆಗಳಲ್ಲಿರುವ ದರ ನೋಡಿ ಹೋಲಿಸಬೇಡಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಗುಡುಗು ಶುರುವಾಗುವ ಮೊದಲೇ ಕರೆಂಟಿನ ಪ್ಲಗ್ ಒಂದೇ ಅಲ್ಲ, ಡಿಶ್‌ನಿಂದ ಬರುವ ಕೇಬಲನ್ನೂ ಸೆಟ್‌ಟಾಪ್ ಬಾಕ್ಸ್‌ನಿಂದ ಕಿತ್ತಿಡಿ. ಆ ಕೇಬಲ್ ಮೂಲಕವೂ ಸಿಡಿಲು ಒಳಗೆ ಬರುತ್ತದೆ, ಬಾಕ್ಸ್‌ನಿಂದ ಎಚ್‌ಡಿಎಂಐ ದಾರಿಯಲ್ಲಿ ನೇರ ಟಿವಿಗೆ.