ಡ್ರೈವ್ ಅಕ್ಷರ ನಂಬಬೇಡಿ, ಹೆಸರು ಬರೆಯಿರಿ

ಗುಬ್ಬಿಯ ನೆಂಟರೊಬ್ಬರು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಲು ಹೋಗಿ, ಮಗಳ ಮದುವೆ ಫೋಟೊ ಇದ್ದ ಹಾರ್ಡ್‌ಡಿಸ್ಕನ್ನೇ ಅಳಿಸಿಬಿಟ್ಟರು. ಕಂಪ್ಯೂಟರ್ ಪ್ರತಿ ಡ್ರೈವ್‌ಗೂ ಸಿ, ಡಿ, ಇ ಅಂತ ಒಂದು ಅಕ್ಷರ ಕೊಡುತ್ತದಲ್ಲ, ಅದನ್ನು ನೋಡಿ ‘ಇ ಅಂದ್ರೆ ಪೆನ್‌ಡ್ರೈವೇ ಅಲ್ವಾ’ ಅಂದರು. ಅಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ರಶ್ ಇದ್ದ ದಿನ ಬಸ್ಸು ಖಾಲಿ ಜಾಗ ನೋಡಿ ನಿಲ್ಲುತ್ತದಲ್ಲ, ಹಾಗೆ ಹೊಸದಾಗಿ ಚುಚ್ಚಿದ ಡ್ರೈವ್‌ಗೆ ವಿಂಡೋಸ್ ಖಾಲಿ ಇರುವ ಅಕ್ಷರ ಕೊಡುತ್ತದೆ. ತಿಪಟೂರಿಗೆ ಹೋಗುವವರು ಬೋರ್ಡ್ ಓದಿ ಹತ್ತುತ್ತಾರೆ. ಆ ಬೋರ್ಡೇ ಲೇಬಲ್, ಅಂದರೆ ಡ್ರೈವ್‌ಗೆ ನಾವು ಕೊಡುವ ಹೆಸರು. ಅದು ಡ್ರೈವ್ ಒಳಗೇ ಇರುತ್ತದೆ, ಯಾರ ಮನೆ ಕಂಪ್ಯೂಟರಿಗೆ ಹಾಕಿದರೂ ಕಾಣುತ್ತದೆ. ಅಕ್ಷರ ಮಾತ್ರ ಆಯಾ ಕಂಪ್ಯೂಟರಿನದು.

ಮೊದಲು ಹೆಸರು. ವಿಂಡೋಸ್ ಕೀ ಜೊತೆ ಇ ಒತ್ತಿ, ದಿಸ್ ಪಿಸಿ ತೆರೆಯಿರಿ, ಡ್ರೈವ್ ಮೇಲೆ ರೈಟ್ ಕ್ಲಿಕ್, ರೀನೇಮ್. ಅಷ್ಟೇ. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುವುದರಿಂದ (ಇವು ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗಳು) ಹೆಸರಿಗೆ 11 ಅಕ್ಷರ ಮಾತ್ರ ಹಿಡಿಯುತ್ತದೆ, ಎನ್‌ಟಿಎಫ್‌ಎಸ್ ಎಂಬ ಪದ್ಧತಿ ಆದರೆ 32. ‘ಅಡಿಕೆ ಲೆಕ್ಕ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಡುವಿನ ಜಾಗ ಸೇರಿ ಸರಿಯಾಗಿ 11. ‘ನ್ಯೂ ವಾಲ್ಯೂಮ್’ ಅಂತ ಇದ್ದರೆ ದಯವಿಟ್ಟು ಇವತ್ತೇ ಬದಲಿಸಿ, ಅದು ಪಾರ್ಟಿಷನ್ ಮಾಡಿದವರು, ಅಂದರೆ ಡಿಸ್ಕನ್ನು ಭಾಗ ಮಾಡಿದವರು, ಹೆಸರು ಕೊಡದೆ ಸುಮ್ನೆ ನೆಕ್ಸ್ಟ್ ಒತ್ತಿದ ಗುರುತು.

ಈಗ ಅಕ್ಷರ ಬದಲಿಸುವುದು. ಜನ ಎಡವುವುದು ಇಲ್ಲೇ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳಿರುತ್ತವೆ. ಹೆಸರು, ಸೈಜ್ ಎರಡನ್ನೂ ಓದಿ. 1 ಟಿಬಿ ಡಿಸ್ಕ್ 931 ಜಿಬಿ ಅಂತ ತೋರಿಸುತ್ತದೆ, ಗಾಬರಿ ಬೇಡ, ಲೆಕ್ಕ ಹಾಕುವ ರೀತಿ ಬೇರೆ. ಆಮೇಲೂ ಅನುಮಾನವೇ? ಡ್ರೈವನ್ನು ಎಜೆಕ್ಟ್ ಕೊಟ್ಟು ತೆಗೆಯಿರಿ, ಯಾವ ಸಾಲು ಮಾಯವಾಯಿತು ನೋಡಿ, ಮತ್ತೆ ಹಾಕಿ. ನಾನು ಈಗಲೂ ಹೀಗೇ ಮಾಡುತ್ತೇನೆ.

ಆ ಸಾಲಿನಲ್ಲಿ ನಿಮ್ಮ ಡ್ರೈವ್‌ನ ಹೆಸರಿರುವ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’ ಆರಿಸಿ. ನಿಧಾನ, ಅದರ ಕೆಳಗೇ ಫಾರ್ಮ್ಯಾಟ್ ಇದೆ, ಇನ್ನೂ ಕೆಳಗೆ ಡಿಲೀಟ್ ವಾಲ್ಯೂಮ್. ಮುಂದೆ ಚೇಂಜ್ ಒತ್ತಿ, ಅಕ್ಷರ ಆರಿಸಿ, ಓಕೆ. ತಪ್ಪಿ ರಿಮೂವ್ ಒತ್ತಿದರೆ ಡ್ರೈವ್ ಕಣ್ಮರೆಯಾಗುತ್ತದೆ, ಆದರೆ ಫೈಲ್ ಹೋಗುವುದಿಲ್ಲ. ಅಲ್ಲೇ ಆ್ಯಡ್ ಕೊಟ್ಟರೆ ವಾಪಸ್ ಬರುತ್ತದೆ. ಬ್ಯಾಕಪ್ ಡಿಸ್ಕಿಗೆ ಪಿ, ಎಕ್ಸ್ ತರಹದ ದೂರದ ಅಕ್ಷರವನ್ನೇ ಕೊಡಿ, ಬೇರೆ ಪೆನ್‌ಡ್ರೈವ್ ಬಂದು ಆ ಜಾಗ ಹಿಡಿಯುವುದು ಕಡಿಮೆ. ಸಿ ಮುಟ್ಟಲೇಬೇಡಿ. ಅಕ್ಷರವೇ ಇಲ್ಲದ ಸಣ್ಣ ತುಂಡುಗಳನ್ನೂ ಬಿಟ್ಟುಬಿಡಿ, ಕಂಪ್ಯೂಟರ್ ಆನ್ ಆಗಲು, ರಿಪೇರಿ ಮಾಡಿಕೊಳ್ಳಲು ಅವು ಬೇಕು. ಎ, ಬಿ ಎಲ್ಲಿ ಅಂತ ಮಕ್ಕಳು ಕೇಳಿದರೆ, ಅವು ಹಿಂದೆ ಫ್ಲಾಪಿಗೆ ಇಟ್ಟಿದ್ದ ಅಕ್ಷರಗಳು ಅನ್ನಿ. ಇಷ್ಟಕ್ಕೆಲ್ಲ ‘ಫ್ರೀ ಪಾರ್ಟಿಷನ್ ಸಾಫ್ಟ್‌ವೇರ್’ ಇಳಿಸಿಕೊಳ್ಳಬೇಡಿ.

ಕಿಟಕಿ ಮುಚ್ಚುವ ಮೊದಲು ಇನ್ನೊಂದು ನೋಡಿ. ಸಿ ಮತ್ತು ಡಿ ಎರಡೂ ಡಿಸ್ಕ್ 0 ಸಾಲಿನಲ್ಲೇ ಇದ್ದರೆ ಅವು ಒಂದೇ ಡಿಸ್ಕಿನ ಎರಡು ಭಾಗ. ಆ ಡಿಸ್ಕ್ ಕೆಟ್ಟರೆ ‘ಡಿಗೆ ಕಾಪಿ ಮಾಡಿದ್ದೆ’ ಅಂದ ಫೋಟೊ ಕೂಡ ಹೋಗುತ್ತದೆ, ಅವನ್ನು ಹೊರಗಿನ ಡಿಸ್ಕಿಗೂ ಹಾಕಿಡಿ.