ಫ್ಲೋರೈಡ್ ನೀರಿಗೆ ಮುರಕಲ್ಲಿನ ಫಿಲ್ಟರ್: ಮೊದಲು ಲೆಕ್ಕ, ಆಮೇಲೆ ಬಕೆಟ್

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಏನು ಮಾಡುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಹಿಡಿದುಕೊಂಡ ಸೊಂಟ, ಮಡಚಲಾಗದ ಮಂಡಿ, ಎಲ್ಲ ಕಣ್ಣೆದುರಿಗೇ ಇದೆ. ಈಗ ನುಗ್ಗೆಬೀಜದ ಪುಡಿ ಹಾಕಿ, ತುಳಸಿ ಎಲೆ ಹಾಕಿ, ಫ್ಲೋರೈಡ್ ಮಾಯ ಅನ್ನೋ ವಿಡಿಯೋಗಳು ಜಾಸ್ತಿ ಓಡಾಡುತ್ತಿವೆ. ಅವು ಪೂರ್ತಿ ಸುಳ್ಳೇನಲ್ಲ. ಆದರೆ ಯಾವ ಎಲೆ, ಯಾವ ಬೀಜ ಅಂತ ಕೇಳುವುದಕ್ಕಿಂತ ಒಂದು ಕಿಲೋ ಎಷ್ಟು ಫ್ಲೋರೈಡ್ ಹಿಡಿಯುತ್ತದೆ, ಅದು ತುಂಬಿತು ಅಂತ ನನಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಬೇಕು. ಇದಕ್ಕೆ ಉತ್ತರ ಇಲ್ಲದ ಫಿಲ್ಟರ್ ಸುಮ್ನೆ ಸಮಾಧಾನಕ್ಕೆ ಅಷ್ಟೇ.

ಮೊದಲು ನೀರು ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್‌ನಲ್ಲಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೆ ಅದರ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರಲ್ಲಿ ಯಾರ ಹತ್ತಿರ ಇದೆ ಅಂತ ವಿಚಾರಿಸಿ. ಕಿಟ್‌ನಲ್ಲಿ ಬಣ್ಣ ಹೋಲಿಸಿ ನೋಡುವುದರಿಂದ ಅಂದಾಜು ಸಿಗುತ್ತದೆ, ಸರಿಯಾದ ಅಂಕಿ ಬೇಕಾದರೆ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಬೇಕು. ಸ್ಯಾಂಪಲ್ಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಒಯ್ಯಿರಿ, ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ಇನ್ನೊಂದು ಮಾತು, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯೇ ಆಗುತ್ತದೆ. ಕ್ಯಾಂಡಲ್ ಫಿಲ್ಟರೂ ಅದನ್ನು ತೆಗೆಯುವುದಿಲ್ಲ.

ಎಲೆ, ಬೀಜದ ಪುಡಿಗಳನ್ನು ನಾನು ಪಕ್ಕಕ್ಕಿಡುತ್ತೇನೆ. ಹಸಿ ಪುಡಿ ನೀರಿಗೆ ಬಣ್ಣ, ವಾಸನೆ ಬಿಡುತ್ತದೆ, ಬೇಗ ಕೊಳೆಯುತ್ತದೆ. ಎಲುಬಿನ ಇದ್ದಿಲು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ, ಕೀನ್ಯಾ, ಟಾಂಜಾನಿಯಾಗಳಲ್ಲಿ ಬಳಸಿದ್ದಾರೆ, ಆದರೆ ನಮ್ಮಲ್ಲಿ ಎಷ್ಟು ಮನೆಯವರು ಅಡುಗೆಮನೆಗೆ ಬಿಟ್ಟುಕೊಂಡಾರು? ಹಾಗಾಗಿ ಉಳಿಯುವುದು ಮುರಕಲ್ಲು, ಅದೇ ಕರಾವಳಿಯಲ್ಲಿ ಮನೆ ಕಟ್ಟುವ ಕೆಂಪು ಕಲ್ಲು, ಬೀದರ್ ಕಡೆಯೂ ಸಿಗುತ್ತದೆ. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳ ಮೇಲ್ಮೈಗೆ ಫ್ಲೋರೈಡ್ ಅಂಟಿಕೊಳ್ಳುತ್ತದೆ.

ಈಗ ಲೆಕ್ಕ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ, ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕು ಅಂತಿಟ್ಟುಕೊಳ್ಳಿ. (ಸ್ನಾನಕ್ಕೆ, ಬಟ್ಟೆಗೆ ಸೋಸುವುದು ಬೇಡ.) 1ಕ್ಕೆ ಇಳಿಸಬೇಕಾದರೆ ದಿನಕ್ಕೆ 40 ಮಿಲಿಗ್ರಾಂ ಹಿಡಿಯಬೇಕು. ಏನೂ ಸಂಸ್ಕರಿಸದ ಒಂದು ಗ್ರಾಂ ಮುರಕಲ್ಲು ಸುಮಾರು 0.2 ಮಿಲಿಗ್ರಾಂ ಹಿಡಿಯುತ್ತದೆ ಅಂತ ತೆಗೆದುಕೊಂಡರೆ 10 ಕಿಲೋಗೆ 2000 ಮಿಲಿಗ್ರಾಂ, ಅಂದರೆ 50 ದಿನ. ಇದು ಕಾಗದದ ಮೇಲಿನ ಲೆಕ್ಕ. ಪ್ರಯೋಗಾಲಯದಲ್ಲಿ ಎಷ್ಟೋ ಸಲ ಶುದ್ಧ ನೀರಿಗೆ ಫ್ಲೋರೈಡ್ ಬೆರೆಸಿ ಪರೀಕ್ಷಿಸುತ್ತಾರೆ. ನಮ್ಮ ಬೋರ್‌ವೆಲ್ ನೀರಲ್ಲಿ ಬೈಕಾರ್ಬನೇಟ್ ಕೂಡ ದಂಡಿಯಾಗಿರುತ್ತದೆ. ಬಸ್ಸಿನ ಸೀಟಿಗೆ ಇಬ್ಬರೂ ಟವೆಲ್ ಹಾಕಿದ ಹಾಗೆ, ಫ್ಲೋರೈಡ್‌ಗೆ ಸಿಗುವ ಜಾಗ ಕಡಿಮೆಯಾಗುತ್ತದೆ. ಅದಕ್ಕೇ 50ರ ಅರ್ಧ, 25 ದಿನ ಅಂತ ನಂಬಿಕೊಂಡು ಶುರು ಮಾಡಿ. ನೀರಲ್ಲಿ 6 ಮಿಲಿಗ್ರಾಂ ಇದ್ದರೆ ಕಾಗದದ ಮೇಲೇ 20 ದಿನ ಬರುತ್ತದೆ, ಅರ್ಧ ಅಂದರೆ ಹತ್ತೇ ದಿನ. ಅಂಥ ನೀರಿಗೆ ಈ ಫಿಲ್ಟರ್ ನೆಚ್ಚಿಕೊಳ್ಳಬೇಡಿ, ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದಲೇ ತನ್ನಿ.

ಮಾಡುವ ರೀತಿ ಇಷ್ಟೇ. ಕಲ್ಲನ್ನು ಸುತ್ತಿಗೆಯಿಂದ ಕುಟ್ಟಿ ಅಕ್ಕಿ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದದ್ದನ್ನು ಹಿಟ್ಟಿನ ಜರಡಿಗೆ ಹಾಕಿ. ಹಿಟ್ಟಿನ ಜರಡಿಯಲ್ಲಿ ಉಳಿಯುವ, ಹೆಚ್ಚುಕಮ್ಮಿ ಸಾಸಿವೆ ಗಾತ್ರದ ಕಾಳು ನಮಗೆ ಬೇಕು. ದೂಳು ಬೇಡ, ಅದು ನೀರು ಹರಿಯುವುದನ್ನೇ ಕಟ್ಟಿಹಾಕುತ್ತದೆ. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ತೊಳೆಯಿರಿ, ಮತ್ತೆ ತೊಳೆಯಿರಿ. ಮೊದಮೊದಲು ನೀರು ಕುಂಕುಮದ ನೀರಿನ ಬಣ್ಣಕ್ಕೆ ಬರುತ್ತದೆ, ತಿಳಿಯಾಗುವ ತನಕ ಬಿಡಬೇಡಿ.

ಅಡಿಯಲ್ಲಿ ನಲ್ಲಿ ಇರುವ 20 ಲೀಟರಿನ ಬಕೆಟ್ ತಗೊಳ್ಳಿ. ತಳಕ್ಕೆ ತೊಳೆದ ಜಲ್ಲಿ, ಅದರ ಮೇಲೆ ದಪ್ಪ ಮರಳು, ಆಮೇಲೆ 10 ಕಿಲೋ ಮುರಕಲ್ಲು, ಮೇಲೊಂದು ತೂತು ಮಾಡಿದ ತಟ್ಟೆ. ನಲ್ಲಿಗೆ ಪೈಪು ಸಿಕ್ಕಿಸಿ, ಅದನ್ನು ಬಕೆಟ್ಟಿನ ಹೊರಗಡೆ ಮೇಲಕ್ಕೆತ್ತಿ, ಕಲ್ಲಿನ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಬಾಗಿಸಿ ಬಿಡಿ. ಹೀಗೆ ಮಾಡಿದರೆ ಕಲ್ಲು ಯಾವಾಗಲೂ ನೀರಲ್ಲಿ ಮುಳುಗಿರುತ್ತದೆ. ಸಾಮಾನ್ಯವಾಗಿ ಜನ ಬಿಟ್ಟುಬಿಡುವುದು ಇದನ್ನೇ, ಆಗ ನೀರು ಕಲ್ಲಿನ ಸಂದಿಯಲ್ಲಿ ಸರ್ರನೆ ಇಳಿದು ಹೋಗುತ್ತದೆ, ಫ್ಲೋರೈಡ್ ಹಿಡಿಯಲು ಸಮಯವೇ ಸಿಗುವುದಿಲ್ಲ. ಮೇಲೆ ಇನ್ನೊಂದು ಬಕೆಟ್ಟಿಟ್ಟು ಅದರ ನಲ್ಲಿಯನ್ನು ಹನಿ ಹನಿಯಾಗಿ ಬಿಡಿ. 200 ಮಿಲಿಲೀಟರಿನ ಲೋಟ ತುಂಬಲು ಆರು ನಿಮಿಷ ಹಿಡಿಯಬೇಕು, ಅಂದರೆ ಗಂಟೆಗೆ 2 ಲೀಟರ್. ರಾತ್ರಿ ಊಟಕ್ಕೆ ಮುಂಚೆ ಶುರು ಮಾಡಿದರೆ ಬೆಳಗ್ಗೆಗೆ 20 ಲೀಟರ್ ಸಿಗುತ್ತದೆ, ಸಾಕಲ್ವಾ?

ಮೊದಲ ಎರಡು ಬಕೆಟ್ ನೀರನ್ನು ಗಿಡಕ್ಕೆ ಹಾಕಿ. ಮೂರನೆಯದನ್ನು ಕುಡಿಯುವ ಮೊದಲು ಫ್ಲೋರೈಡಿಗಷ್ಟೇ ಅಲ್ಲ, ಕಬ್ಬಿಣ ಮತ್ತು ಬೇರೆ ಲೋಹಗಳಿಗೂ ಒಮ್ಮೆ ಪರೀಕ್ಷೆ ಮಾಡಿಸಿ, ಎಲ್ಲ ಊರಿನ ಕಲ್ಲೂ ಒಂದೇ ಥರ ಇರುವುದಿಲ್ಲ. ಈ ಫಿಲ್ಟರ್ ರೋಗಾಣುಗಳನ್ನು ಕೊಲ್ಲುವುದಿಲ್ಲ, ಸೋಸಿದ ಮೇಲೆ ಕುದಿಸಿಯೇ ಕುಡಿಯಿರಿ.

ಮಳೆನೀರು ಹಿಡಿದಿಡುವ ಜಾಗವಿದ್ದರೆ ಕೆಲಸ ಇನ್ನೂ ಸುಲಭ. ಮಳೆನೀರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಬೋರ್‌ವೆಲ್ ನೀರಿಗೆ ಅಷ್ಟೇ ಮಳೆನೀರು ಬೆರೆಸಿದರೆ 3 ಇದ್ದದ್ದು 1.5ಕ್ಕೆ ಇಳಿಯುತ್ತದೆ. ಅದನ್ನು ಫಿಲ್ಟರಿಗೆ ಹಾಕಿದರೆ ದಿನಕ್ಕೆ ಹಿಡಿಯಬೇಕಾದ್ದು 40ರ ಬದಲು 10 ಮಿಲಿಗ್ರಾಂ. ಕಲ್ಲು ಎಷ್ಟು ದಿನ ಜಾಸ್ತಿ ಬಾಳುತ್ತದೆ ನೋಡಿ. ನನ್ನ ಕೇಳಿದರೆ ಫಿಲ್ಟರಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಮಳೆನೀರಿನ ತೊಟ್ಟಿಗೆ.

ಶುರುವಿನಲ್ಲಿ ವಾರಕ್ಕೊಮ್ಮೆ ಕಿಟ್‌ನಲ್ಲಿ ನೋಡಿ, ಪ್ರತಿ ಸಲದ ಅಂಕಿಯನ್ನು ತಾರೀಖಿನ ಜೊತೆ ಬಕೆಟ್ ಮೇಲೇ ಬರೆಯಿರಿ. ಅದು 1 ದಾಟಿ ಏರತೊಡಗಿತು ಅಂದರೆ ಕಲ್ಲು ಬದಲಿಸುವ ಹೊತ್ತು ಬಂತು. ನೀರಿನ ರುಚಿ, ಬಣ್ಣ ನೋಡಿ ಇದು ತಿಳಿಯುವುದಿಲ್ಲ. ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮತ್ತೆ ಬಳಸುವ ವಿಧಾನವೊಂದಿದೆ, ಮನೆಯಲ್ಲಿ ಆ ಸಾಹಸ ಬೇಡ. ಹಳೆ ಕಲ್ಲನ್ನು ಬಾವಿ, ಕೆರೆ, ತರಕಾರಿ ಮಡಿಗಳ ಹತ್ತಿರ ಸುರಿಯದೆ, ಎಲ್ಲಾದರೂ ಕಾಂಕ್ರೀಟ್ ಹಾಕುತ್ತಿದ್ದರೆ ತಳಕ್ಕೆ ತುಂಬಿಬಿಡಿ.